ಕರಾವಳಿಯ ಮಳೆ, ಉಪ್ಪು, ಬಿಸಿಲಿಗೆ ತಡೆಯುವ ಯುಕುಲೆಲೆ ಆರಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಹೊರಗೆ ಒಯ್ಯಲೆಂದು ಯುಕುಲೆಲೆ, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ, ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದು ವಾಟರ್‌ಪ್ರೂಫಾ?" ಕೇಳಬೇಕಾದ್ದೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಘಟ್ಟ ಹತ್ತಿ ಆಗುಂಬೆಗೆ ಹೋದರೆ 7,000 ದಾಟುತ್ತದೆ. ಆದರೆ ನನ್ನ ಪ್ರಕಾರ ನಮ್ಮ ಕಡೆ ಈ ವಾದ್ಯಕ್ಕೆ ಮಳೆನೀರು ದೊಡ್ಡ ಶತ್ರು ಅಲ್ಲ. ಪ್ಲಾಸ್ಟಿಕ್ ಮೈಗೆ ಮಳೆಯಿಂದ ಏನೂ ಆಗುವುದಿಲ್ಲ, ಒರೆಸಿದರೆ ಮುಗಿಯಿತು. ನಿಜವಾಗಿ ಹಾಳು ಮಾಡುವುದು ಸಮುದ್ರದ ಉಪ್ಪು, ಆಮೇಲೆ ಮುಚ್ಚಿದ ಕಾರಿನ ಬಿಸಿ. ಈ ಎರಡನ್ನು ತಲೆಯಲ್ಲಿಟ್ಟುಕೊಂಡು ಆರಿಸಿದರೆ ಮಳೆಗೂ ಅದೇ ಸಾಕಾಗುತ್ತದೆ. ಬರೀ ಮಳೆ ನೋಡಿ ಆರಿಸಿದರೆ ಒಂದೇ ಬೇಸಿಗೆಯಲ್ಲಿ ತಂತಿ ಬಿಗಿ ಮಾಡುವ ಬಿರಡೆ ತುಕ್ಕು ಹಿಡಿದು ಕೂರುತ್ತದೆ.

ಮರದ್ದು ಯಾಕೆ ಬೇಡ?

ಮರದ ಯುಕುಲೆಲೆಯ ದನಿಯ ಸೊಗಸು ಬೇರೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಮುಂಭಾಗದ ಹಲಗೆ ಎರಡು ಮಿಲಿಮೀಟರ್ ಆಸುಪಾಸಿನ ತೆಳು ಮರ. ಗಾಳಿಯಲ್ಲಿ ತೇವಾಂಶ ಶೇಕಡಾ 45ರಿಂದ 55ರ ಒಳಗಿದ್ದರೆ ಅದು ನೆಮ್ಮದಿಯಾಗಿರುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಊರಿನ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಅಂತ ಗೊತ್ತಲ್ವಾ? ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಆ ತೇವ ಕುಡಿದು ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಮೈ ಮೇಲೆ ತಂತಿ ಕಟ್ಟುವ ಪಟ್ಟಿಯಾದ ಬ್ರಿಡ್ಜ್‌ನ ಅಂಟು ಸಡಿಲವಾಗುತ್ತದೆ. ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಇನ್ನೊಂದು ಕಷ್ಟ. ರಾತ್ರಿಯಿಡೀ ಎ.ಸಿ., ಬೆಳಿಗ್ಗೆ ಬಾಲ್ಕನಿಯ ಒದ್ದೆ ಗಾಳಿ. ದಿನಾ ಉಬ್ಬಿ ಕುಗ್ಗಿದ ಮರ ಒಂದು ದಿನ ಸೀಳು ಬಿಡುತ್ತದೆ.

ಪ್ಲಾಸ್ಟಿಕ್ ಯುಕುಲೆಲೆ ಅಂದರೆ ಮಕ್ಕಳ ಆಟದ ಸಾಮಾನು ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಸ್ವಲ್ಪ ಇತಿಹಾಸ ಹೇಳಬೇಕು. 1879ರ ಆಗಸ್ಟ್‌ನಲ್ಲಿ ಪೋರ್ಚುಗಲ್‌ನ ಮದೀರಾ ದ್ವೀಪದಿಂದ ರಾವೆನ್ಸ್‌ಕ್ರಾಗ್ ಎಂಬ ಹಡಗಿನಲ್ಲಿ ಹೊನೊಲುಲುಗೆ ಬಂದಿಳಿದವರ ಜೊತೆ ಬಂದ ಪುಟ್ಟ ತಂತಿವಾದ್ಯವೇ ಹವಾಯಿಯಲ್ಲಿ ಯುಕುಲೆಲೆ ಆಯಿತು. 1949ರಲ್ಲಿ ಮಾರಿಯೋ ಮಕಫೆರಿ ಎಂಬ ಇಟಲಿ ಮೂಲದ ಗಿಟಾರ್ ತಯಾರಕ ಅಮೆರಿಕದಲ್ಲಿ ಐಲ್ಯಾಂಡರ್ ಎಂಬ ಪ್ಲಾಸ್ಟಿಕ್ ಯುಕುಲೆಲೆ ಮಾಡಿದರು. ಹೆಸರಾಂತ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ನುಡಿಸುತ್ತಿದ್ದ ಸೆಲ್ಮರ್ ಗಿಟಾರ್‌ಗಳ ವಿನ್ಯಾಸವೂ ಇದೇ ಮಕಫೆರಿಯವರದ್ದು. ಅಂಥವರು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನಲ್ಲಿ ಮಾಡಿದ ಆ ಯುಕುಲೆಲೆ ಲಕ್ಷಗಟ್ಟಲೆ ಮಾರಾಟವಾಯಿತು. ಪ್ಲಾಸ್ಟಿಕ್ ಅಂದ ಮಾತ್ರಕ್ಕೆ ಆಟಿಕೆ ಅಲ್ಲ. ಯಾವ ಪ್ಲಾಸ್ಟಿಕ್, ಹೇಗೆ ಮಾಡಿದ್ದು ಎಂಬುದೇ ಮುಖ್ಯ.

ಮೊದಲ ಹೆಜ್ಜೆ: ಎಲ್ಲಿಗೆ ಒಯ್ಯುತ್ತೀರಿ?

ಹಣ ಎಣಿಸುವ ಮೊದಲು ಇದನ್ನು ತೀರ್ಮಾನ ಮಾಡಿ.

ನೀವು ಹೋಗುವುದು ಹೆಚ್ಚಾಗಿ ಪಣಂಬೂರು, ತಣ್ಣೀರುಬಾವಿ, ಮಲ್ಪೆ, ಕಾಪುವಿನಂಥ ಕಡಲ ತೀರಕ್ಕಾದರೆ ನಿಮ್ಮ ಸಮಸ್ಯೆ ಉಪ್ಪುಗಾಳಿ, ಹೊಯ್ಗೆ, ಬಿಸಿಲು. ವಾದ್ಯ ನೀರಿಗೆ ಬೀಳುವುದು ಅಪರೂಪ. ಗಾಳಿಗೆ, ಅಲೆಯ ಸದ್ದಿಗೆ ದನಿ ಮುಳುಗುವುದರಿಂದ ಸ್ವಲ್ಪ ಜೋರಾಗಿ ಕೇಳುವ ವಾದ್ಯ ಬೇಕು.

ಕಯಾಕಿಂಗ್‌ಗೆ, ಅಂದರೆ ಸಾಲಿಗ್ರಾಮದ ಹಿನ್ನೀರಿಗೋ ಮೂಲ್ಕಿಯ ಶಾಂಭವಿ ನದಿಗೋ ಒಯ್ಯುವವರಾದರೆ ವಾದ್ಯ ನೀರಿಗೆ ಬಿದ್ದೇ ಬೀಳುತ್ತದೆ ಅಂದುಕೊಂಡೇ ಆರಿಸಬೇಕು. ಅಳಿವೆಯ ಹತ್ತಿರದ ನೀರೆಲ್ಲ ಉಪ್ಪುಪ್ಪು, ಅದೂ ನೆನಪಿರಲಿ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವವರಿಗೂ ಇದೇ ಲೆಕ್ಕ, ಹತ್ತುವಾಗ ಇಳಿಯುವಾಗ ನೀರು ಹಾರುತ್ತದೆ.

ಕುದುರೆಮುಖ, ಕೊಡಚಾದ್ರಿ ಕಡೆ ಚಾರಣಕ್ಕೆ ಹೋಗುವವರಿಗೆ ಉಪ್ಪಿನ ಕಾಟ ಇಲ್ಲ. ಅಲ್ಲಿ ತೂಕ, ಪೆಟ್ಟು, ಎಡೆಬಿಡದ ಮಳೆ ಮುಖ್ಯ. ಬ್ಯಾಗಿಗೆ ಕಟ್ಟಿದ ಯುಕುಲೆಲೆ ಬಂಡೆಗೆ ತಾಗಿದರೂ ಬಿರಿಯಬಾರದು. ಒಂದು ಮಾತು: ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಒಳಗೆ ದಯವಿಟ್ಟು ನುಡಿಸಬೇಡಿ. ಅಲ್ಲಿನ ಪ್ರಾಣಿ ಪಕ್ಷಿಗಳಿಗೆ ಅದು ಮನೆ. ಸಂಜೆ ಹೋಮ್‌ಸ್ಟೇ ಜಗಲಿಗೆ ಬಂದ ಮೇಲೆ ಬೇಕಾದಷ್ಟು ನುಡಿಸಬಹುದು.

ಎರಡನೇ ಹೆಜ್ಜೆ: ಮೈ ಯಾವುದರದ್ದು?

ಮಾರುಕಟ್ಟೆಯಲ್ಲಿ ಹೊರಗೆ ಒಯ್ಯಲೆಂದು ಸಿಗುವ ಯುಕುಲೆಲೆಗಳನ್ನು ಸುಮಾರಾಗಿ ನಾಲ್ಕು ಬಗೆ ಮಾಡಬಹುದು.

ಎಬಿಎಸ್ ಪ್ಲಾಸ್ಟಿಕ್‌ನದ್ದು ಎಲ್ಲಕ್ಕಿಂತ ಅಗ್ಗ. ಕಾಲಾ ಕಂಪನಿಯ ವಾಟರ್‌ಮ್ಯಾನ್ ಈ ಜಾತಿಯ ಹೆಸರುವಾಸಿ ಮಾದರಿ. ಸೊಪ್ರಾನೋ (ಚಿಕ್ಕದು), ಕನ್ಸರ್ಟ್ (ಅದಕ್ಕಿಂತ ಸ್ವಲ್ಪ ದೊಡ್ಡದು) ಎರಡೂ ಅಳತೆಯಲ್ಲಿ ಬರುತ್ತದೆ. ಬಿದ್ದರೆ ಒಡೆಯುವುದು ಕಡಿಮೆ, ನೀರು ಹೀರುವುದಿಲ್ಲ. ದನಿ ಸಣ್ಣದು, ಮೀಟಿದ ಮೇಲೆ ಬೇಗ ಅಡಗುತ್ತದೆ. ಇದರ ದೊಡ್ಡ ದೌರ್ಬಲ್ಯ ಬಿಸಿ. ಎಬಿಎಸ್ ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅಷ್ಟು ಬಿಸಿ ಎಲ್ಲಿ ಆಗುತ್ತದೆ ಅಂತ ನಿಮಗನಿಸಬಹುದು. ಆದರೆ ನಾಲ್ಕು ತಂತಿ ಸೇರಿ ನೆಕ್ಕನ್ನು, ಅಂದರೆ ವಾದ್ಯದ ಉದ್ದ ಕತ್ತನ್ನು, ಹತ್ತು ಕಿಲೋಗೂ ಜಾಸ್ತಿ ಬಲದಲ್ಲಿ ಸದಾ ಎಳೆಯುತ್ತಿರುತ್ತವೆ. ಹೀಗೆ ಎಳೆತ ಇರುವಾಗ ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ನಿಧಾನವಾಗಿ ಬಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಆಗುವುದು ಮಾಮೂಲಿ. ಒಮ್ಮೆ ನೆಕ್ ಬಾಗಿದರೆ ಅದನ್ನು ಸರಿ ಮಾಡಲು ಆಗುವುದಿಲ್ಲ.

ಪಾಲಿಕಾರ್ಬೊನೇಟ್ ಎರಡನೆಯದು. ಹೆಲ್ಮೆಟ್ಟಿನ ಮುಂದಿನ ಗಾಜಿಗೆ ಬಳಸುವುದು ಇದನ್ನೇ. ಎಬಿಎಸ್‌ಗಿಂತ ಗಟ್ಟಿ, ಮೆತ್ತಗಾಗಲು 140 ಡಿಗ್ರಿಗೂ ಮೇಲೆ ಬೇಕು. ಅಮೆರಿಕದ ಒರೆಗಾನ್ ರಾಜ್ಯದ ಔಟ್‌ಡೋರ್ ಯುಕುಲೆಲೆ ಎಂಬ ಕಂಪನಿ ಇದರಲ್ಲೇ ಹೆಸರು ಮಾಡಿತು. ಹೊರದೇಶದಿಂದ ತರಿಸಿದರೆ ಸಾಗಾಟ, ಸುಂಕ ಸೇರಿ ಬೆಲೆ ಏರುತ್ತದೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಿ.

ಮೂರನೆಯದು ಕಾರ್ಬನ್ ಫೈಬರ್. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. "ಕಾರ್ಬನ್ ಫೈಬರ್ ಯುಕುಲೆಲೆ" ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಪಾಲಿಕಾರ್ಬೊನೇಟ್‌ಗೆ ಕಾರ್ಬನ್ ಎಳೆಗಳ ಚೂರು ಬೆರೆಸಿ ಅಚ್ಚಿಗೆ ಹೊಯ್ದದ್ದು. ಎನ್ಯಾ ಕಂಪನಿಯ ನೋವಾ ಯು ಈ ಬಗೆಯದ್ದು. ಇನ್ನೊಂದು, ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ರಾಳದಲ್ಲಿ ಅಂಟಿಸಿ ಮಾಡಿದ್ದು. ಎರಡನೆಯದು ಹಲವು ಪಟ್ಟು ದುಬಾರಿ, ಹಗುರ, ದನಿ ತುಂಬು. ಮೊದಲನೆಯದು ಕಳಪೆ ಅಂತ ನಾನು ಹೇಳುತ್ತಿಲ್ಲ. ಕೊಡುವ ಹಣಕ್ಕೆ ಹೋಲಿಸಿದರೆ ನಮ್ಮ ಕರಾವಳಿಗೆ ನಾನು ಮೊದಲು ಸೂಚಿಸುವುದು ಅದನ್ನೇ. ಎಬಿಎಸ್‌ಗಿಂತ ಬಿಗಿಯಾಗಿರುತ್ತದೆ, ಬಿಸಿ ತಡೆಯುತ್ತದೆ, ದನಿಯೂ ಜೋರು. ಆದರೆ ಪದರದ ಕಾರ್ಬನ್ನಿನ ಬೆಲೆ ಕೇಳಿ ಬೆರಕೆಯದ್ದನ್ನು ಕೊಟ್ಟರೆ ಮೋಸ ಹೋಗಬಾರದು. ಅಂಗಡಿಯಲ್ಲಿ ನೇರವಾಗಿ ಕೇಳಿ: "ಇದು ಅಚ್ಚಿನದ್ದಾ, ಪದರದ್ದಾ?" ಇನ್ನೊಂದು ವಿಷಯ, ಇವು ಹೆಚ್ಚಾಗಿ ಕಪ್ಪು ಬಣ್ಣದವು. ನೇರ ಬಿಸಿಲಲ್ಲಿಟ್ಟರೆ ಕೈ ಇಡಲಾಗದಷ್ಟು ಕಾಯುತ್ತವೆ.

ನಾಲ್ಕನೆಯದು ಅರೆಬರೆ ಜಾತಿ: ಹಿಂಭಾಗ ಪ್ಲಾಸ್ಟಿಕ್, ಮುಂಭಾಗ ಮರದ ಪದರ. ಕಾಲಾ ಬಳಗದ ಮಕಾಲಾ ಡಾಲ್ಫಿನ್, ಫ್ಲೈಟ್ ಕಂಪನಿಯ ಕೆಲವು ಟ್ರಾವೆಲ್ ಮಾದರಿಗಳು ಹೀಗಿವೆ. ದನಿ ಚೆನ್ನಾಗಿರುತ್ತದೆ, ಬೆಲೆಯೂ ಕೈಗೆಟಕುತ್ತದೆ. ಚಳಿಗಾಲದ ಪ್ರವಾಸಕ್ಕೆ ಧಾರಾಳ ಸಾಕು. ನೀರಿಗೆ ಬೇಡ. ಮಾರ್ಟಿನ್ ಕಂಪನಿಯದ್ದರಂತೆ ಮೇಲೆ ಗಟ್ಟಿ ಲ್ಯಾಮಿನೇಟ್ ಹಾಳೆಯಿಂದ ಮಾಡಿದವೂ ಇವೆ. ಅವು ಗಾಳಿಯ ತೇವಕ್ಕೆ ಬಗ್ಗುವುದಿಲ್ಲ, ಆದರೆ ನೀರಲ್ಲಿ ನೆನೆಸುವಂಥವಲ್ಲ, ಅಂಚಿನಿಂದ ನೀರು ಒಳಗೆ ಹೋಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಬಿಸಿಲಿಗೆ ಎಬಿಎಸ್ ಕಾಲಕ್ರಮೇಣ ಹಳದಿಯಾಗಿ ಪೆಡಸಾಗುತ್ತದೆ, ಪಾಲಿಕಾರ್ಬೊನೇಟ್ ಕೂಡ ಹಳದಿ ತಿರುಗುತ್ತದೆ. ಪಾರದರ್ಶಕ ಮಾದರಿಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ತಿಳಿ ಬಣ್ಣದ, ಪಾರದರ್ಶಕ ಅಲ್ಲದ್ದು ಬೀಚಿಗೆ ಒಳ್ಳೆಯದು.

ಮೂರನೇ ಹೆಜ್ಜೆ: ಲೋಹ ಎಲ್ಲೆಲ್ಲಿ ಉಂಟು?

ಹೆಚ್ಚಿನವರು ನೋಡದೆ ಬಿಡುವ ಜಾಗ ಇದು. ನಾನು ಅತಿ ಹೆಚ್ಚು ಹೊತ್ತು ನೋಡುವುದೂ ಇದನ್ನೇ. ಮೈ ಪೂರ್ತಿ ಪ್ಲಾಸ್ಟಿಕ್ ಆದರೂ ಟ್ಯೂನರ್, ಅಂದರೆ ತಂತಿ ಬಿಗಿ ಮಾಡುವ ಬಿರಡೆ, ಲೋಹದ್ದೇ. ಅದರ ಸ್ಕ್ರೂ ಲೋಹದ್ದು. ಎಷ್ಟೋ ಮಾದರಿಗಳಲ್ಲಿ ಫ್ರೆಟ್, ಅಂದರೆ ಸ್ವರ ಹಿಡಿಯಲು ನೆಕ್ ಮೇಲೆ ಅಡ್ಡಡ್ಡ ಇರುವ ಪಟ್ಟಿಗಳು, ಕೂಡ ಲೋಹದ್ದು.

ಉಪ್ಪು ಯಾಕೆ ಇಷ್ಟು ಕೆಟ್ಟದ್ದು ಗೊತ್ತಾ? ಗಾಳಿಯಲ್ಲಿ ತೇವ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರು ನೀರಾಗುತ್ತದಲ್ಲ, ಅದೇ ಸಂಗತಿ. ಬಿರಡೆಯ ಗಿಯರಿನ ಹಲ್ಲುಗಳ ನಡುವೆ ಕೂತ ಉಪ್ಪಿನ ಕಣವೂ ಹಾಗೇ ಮಾಡುತ್ತದೆ. ನೀವು ಒರೆಸಿ ಒಳಗಿಟ್ಟ ಮೇಲೂ ಅದು ಒದ್ದೆಯಾಗಿಯೇ ಇರುತ್ತದೆ, ಲೋಹವನ್ನು ತಿನ್ನುತ್ತಲೇ ಇರುತ್ತದೆ. ಸಿಹಿನೀರಲ್ಲಿ ನೆಂದ ಯುಕುಲೆಲೆ ಒಣಗಿದರೆ ಕಥೆ ಮುಗಿಯಿತು. ಉಪ್ಪುನೀರಲ್ಲಿ ನೆಂದದ್ದು ಒಣಗುವುದೇ ಇಲ್ಲ ಅನ್ನಬಹುದು. ಅದಕ್ಕೇ ಆಗುಂಬೆಯ ಮಳೆಗಿಂತ ಮಲ್ಪೆಯ ಗಾಳಿ ಕಷ್ಟ.

ಕೊಳ್ಳಲು ಹೋಗುವಾಗ ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಫ್ರಿಜ್ಜಿಗೆ ಅಂಟಿಸುವ ಚಿತ್ರದ ಹಿಂದಿನದ್ದಾದರೂ ಸಾಕು. ಬಿರಡೆಯ ಸ್ಕ್ರೂಗೆ ತಾಗಿಸಿ ನೋಡಿ. ಟಕ್ ಅಂತ ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಮಾಮೂಲಿ ಉಕ್ಕು, ಮೇಲೆ ಕ್ರೋಮ್ ಬಳಿದಿದೆ ಅಷ್ಟೇ. ಬಳಿದದ್ದು ಒಂದು ಕಡೆ ಗೀರಿದರೆ ಅಲ್ಲಿಂದಲೇ ತುಕ್ಕು ಶುರು. ಅಂಟದೆ ಜಾರಿದರೆ, ಅಥವಾ ಸ್ವಲ್ಪವೇ ಎಳೆದಂತಾದರೆ, ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಇರುವ ಸಾಧ್ಯತೆ ಜಾಸ್ತಿ. ಅಂಟಿಕೊಂಡಿತು ಅಂತ ವಾದ್ಯವನ್ನೇ ಬಿಡಬೇಕಾಗಿಲ್ಲ. ಆ ಪುಟ್ಟ ಸ್ಕ್ರೂಗಳನ್ನು ಅದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂಗೆ ಬದಲಾಯಿಸಿದರೆ ಆಯಿತು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ಸ್ಕ್ರೂ ಒಂದನ್ನು ಮಾದರಿಗೆ ಒಯ್ಯಿರಿ. ಕೈಯಿಂದ ಮೆಲ್ಲಗೆ ತಿರುಗಿಸಿ, ಪ್ಲಾಸ್ಟಿಕ್‌ನ ಮರೆ (ಸ್ಕ್ರೂ ಕೂರುವ ಸುತ್ತುಗೆರೆ) ಬೇಗ ಸವೆಯುತ್ತದೆ.

ಬಿರಡೆಯಲ್ಲಿ ಹಲ್ಲು ಹೊರಗೆ ಕಾಣುವುದು, ಡಬ್ಬಿಯೊಳಗೆ ಮುಚ್ಚಿದ್ದು ಎಂದು ಎರಡು ಬಗೆ. ಮುಚ್ಚಿದ್ದೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಹೊಯ್ಗೆಯ ಮಟ್ಟಿಗೆ ಅದು ನಿಜ. ಆದರೆ ಕಯಾಕ್‌ನಿಂದ ಉಪ್ಪುನೀರಿಗೆ ಬಿದ್ದರೆ ಡಬ್ಬಿಯೊಳಗೆ ಹೋದ ನೀರನ್ನು ತೊಳೆದು ತೆಗೆಯಲು ದಾರಿಯೇ ಇಲ್ಲ. ಹೊರಗೆ ಕಾಣುವ ಹಲ್ಲನ್ನಾದರೆ ನಲ್ಲಿಯಡಿ ಹಿಡಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬಹುದು. ಹಾಗಾಗಿ ಬೀಚಿನಲ್ಲಿ ಕೂತು ನುಡಿಸುವವರಿಗೆ ಮುಚ್ಚಿದ್ದು, ನೀರಿಗೆ ಇಳಿಯುವವರಿಗೆ ತೆರೆದದ್ದು ಎಂಬುದು ನನ್ನ ಮತ. ಹಲ್ಲೇ ಇಲ್ಲದ, ಬರೀ ಘರ್ಷಣೆಯಲ್ಲಿ ನಿಲ್ಲುವ ಹಳೆಯ ಮಾದರಿಯ ಬಿರಡೆಯಲ್ಲಿ ಕೆಡುವ ಭಾಗ ಕಡಿಮೆ. ಆದರೆ ಶ್ರುತಿ ಕೂಡಿಸುವುದು ಕಷ್ಟ, ಹೊಸಬರಿಗೆ ಬೇಡ.

ಫ್ರೆಟ್ ವಿಷಯ. ವಾಟರ್‌ಮ್ಯಾನ್‌ನಂಥ ಮಾದರಿಗಳಲ್ಲಿ ಫ್ರೆಟ್ಟೂ ಪ್ಲಾಸ್ಟಿಕ್, ಅಚ್ಚಿನಲ್ಲೇ ಮೂಡಿದ್ದು. ತುಕ್ಕಿನ ಭಯವೇ ಇಲ್ಲ. ಆದರೆ ಅಚ್ಚಿನಲ್ಲಿ ಎತ್ತರ ತಗ್ಗು ಬಂದಿದ್ದರೆ ಸರಿಪಡಿಸಲಾಗದು, ಲೋಹ ಸುತ್ತಿದ ತಂತಿ ಹಾಕಿದರೆ ಬೇಗ ಸವೆಯುತ್ತದೆ. ಲೋಹದ ಫ್ರೆಟ್ ಹೆಚ್ಚು ವರ್ಷ ಬಾಳುತ್ತದೆ, ತೊಳೆದು ಒರೆಸುವ ಕೆಲಸ ನಿಮ್ಮದು.

ವಾದ್ಯದೊಳಗೆ ಪಿಕಪ್ (ದನಿಯನ್ನು ಸ್ಪೀಕರಿಗೆ ಕಳಿಸುವ ವಿದ್ಯುತ್ ಭಾಗ) ಇರುವ, ವಯರ್ ಚುಚ್ಚುವ ಮಾದರಿ ಹೊರಗೆ ಒಯ್ಯಲು ಬೇಡವೇ ಬೇಡ.

ನಾಲ್ಕನೇ ಹೆಜ್ಜೆ: ಅಳತೆ

ಸೊಪ್ರಾನೋ ಸುಮಾರು 21 ಇಂಚು, ಕನ್ಸರ್ಟ್ 23, ಟೆನರ್ 26 ಇಂಚು ಉದ್ದ. ಮೂರನ್ನೂ ಜಿ, ಸಿ, ಇ, ಎ (ನಾಲ್ಕು ತಂತಿಗೆ ಒಂದೊಂದು ಪಾಶ್ಚಾತ್ಯ ಸ್ವರ) ಎಂದೇ ಶ್ರುತಿ ಮಾಡುತ್ತಾರೆ. ಬೆನ್ನಿಗೆ ಹಾಕಿ ಬೈಕ್ ಓಡಿಸುವವರಿಗೆ, ಚಾರಣಿಗರಿಗೆ ಸೊಪ್ರಾನೋ ಹಗುರ. ದೊಡ್ಡ ಬೆರಳಿನವರಿಗೆ, ಸಮುದ್ರದ ಬದಿಯಲ್ಲಿ ಕೂತು ನಾಲ್ಕು ಜನರಿಗೆ ಕೇಳುವಂತೆ ನುಡಿಸುವವರಿಗೆ ಕನ್ಸರ್ಟ್. ಒಂದೇ ಕೊಳ್ಳುವುದಾದರೆ ಕನ್ಸರ್ಟ್ ಕೊಳ್ಳಿ. ಟೆನರ್ ಹೊರಗೆ ಒಯ್ಯಲು ಸ್ವಲ್ಪ ದೊಡ್ಡದಾಯಿತು.

ಐದನೇ ಹೆಜ್ಜೆ: ಕೈಯಲ್ಲಿ ಹಿಡಿದು ಪರೀಕ್ಷೆ

ಹಂಪನಕಟ್ಟೆ ಸುತ್ತಮುತ್ತ ವಾದ್ಯದ ಅಂಗಡಿಗಳಿವೆ. ಮಂಗಳೂರಿನಲ್ಲಿ ಗಿಟಾರ್, ವಯಲಿನ್ ಕಲಿಯುವವರಿಗೆ ಕೊರತೆ ಇಲ್ಲದ ಕಾರಣ ಅಂಗಡಿಯವರಿಗೂ ವಿಷಯ ಗೊತ್ತಿರುತ್ತದೆ. ಆನ್‌ಲೈನ್‌ನಲ್ಲಿ ತರಿಸಿದರೂ ಈ ಪರೀಕ್ಷೆಗಳನ್ನು ಹಿಂದಿರುಗಿಸುವ ಅವಧಿಯೊಳಗೆ ಮಾಡಿ ಮುಗಿಸಿ. ಅಚ್ಚಿನಲ್ಲಿ ಮಾಡಿದ ವಾದ್ಯದಲ್ಲಿ ಒಂದೇ ಮಾದರಿಯ ಎರಡು ಕೂಡ ಒಂದೇ ಥರ ಇರುವುದಿಲ್ಲ. ಪೆಟ್ಟಿಗೆ ನೋಡಿ ತರಬೇಡಿ, ವಾದ್ಯ ನೋಡಿ ತನ್ನಿ.

ಮೊದಲು ಫೋನಿನ ಟ್ಯೂನರ್ ಆ್ಯಪ್ ತೆರೆದು ನಾಲ್ಕೂ ತಂತಿ ಸರಿಯಾಗಿ ಶ್ರುತಿ ಮಾಡಿ. ಹೊಸ ತಂತಿ ಜಗ್ಗುತ್ತಲೇ ಇರುತ್ತದೆ, ಎರಡು ಮೂರು ಸಲ ಮಾಡಬೇಕಾಗುತ್ತದೆ. ಈಗ ಎ ತಂತಿಯನ್ನು ಹಾಗೇ ಮೀಟಿ, ಆಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡೂ ಎ ಸ್ವರವೇ, ಒಂದು 440 ಹರ್ಟ್ಸ್, ಇನ್ನೊಂದು ಅದರ ದುಪ್ಪಟ್ಟು. ಆ್ಯಪಿನ ಮುಳ್ಳು ನಡುವಿನಿಂದ ಐದಾರು ಸೆಂಟ್ (ಪಕ್ಕಪಕ್ಕದ ಎರಡು ಫ್ರೆಟ್ ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಆಚೀಚೆ ಆದರೆ ಏನೂ ತೊಂದರೆ ಇಲ್ಲ. ಹತ್ತರವರೆಗೂ ಸುಧಾರಿಸಬಹುದು. ಹದಿನೈದು ದಾಟಿದರೆ ಆ ತಂತಿಯನ್ನೇ ಬದಲಿಸಿ ಇನ್ನೊಮ್ಮೆ ನೋಡಲು ಅಂಗಡಿಯವರಿಗೆ ಹೇಳಿ. ಆಗಲೂ ಸರಿಯಾಗದಿದ್ದರೆ ಪಕ್ಕಕ್ಕಿಡಿ. ನಾಲ್ಕೂ ತಂತಿಗೆ ಹೀಗೇ ಮಾಡಿ.

ಆಮೇಲೆ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿ. ಎಫ್ ಬರಬೇಕು. ಸುಮ್ನೆ ಹಗುರವಾಗಿ ಒತ್ತಿದರೂ ಮುಳ್ಳು ಎಫ್ ದಾಟಿ ಮೇಲಿನ ಸ್ವರದ ಕಡೆ ಓಡಿದರೆ, ತಲೆಯ ಹತ್ತಿರ ತಂತಿ ಕೂರುವ ಪಟ್ಟಿ ಎತ್ತರವಾಗಿದೆ ಎಂದರ್ಥ. ಅಗ್ಗದ ಯುಕುಲೆಲೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಇದನ್ನು ತಿಳಿದವರು ಅರದಿಂದ ತಗ್ಗಿಸಿ ಕೊಡಬಹುದು, ಆದರೆ ಹೊಸದನ್ನು ಕೊಳ್ಳುವಾಗ ಆ ಉಸಾಬರಿ ಯಾಕೆ?

12ನೇ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಸ್ಕೇಲಿನಿಂದ ಅಳೆಯಿರಿ. ಎರಡೂವರೆಯಿಂದ ಮೂರು ಮಿಲಿಮೀಟರ್ ಇದ್ದರೆ ಹಿತ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಬೆರಳು ನೋಯುತ್ತದೆ. ತಂತಿಯ ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ, ತಿರುಚಿಕೊಂಡಿದ್ದರೆ ಗೊತ್ತಾಗುತ್ತದೆ.

ಪ್ರತಿ ಫ್ರೆಟ್ ಒತ್ತಿ ಮೀಟುತ್ತಾ ಹೋಗಿ, ಎಲ್ಲಾದರೂ ಝರ್ ಎನ್ನುತ್ತದಾ ಕೇಳಿ. ಹೆಬ್ಬೆರಳಿನ ಉಗುರಿನಿಂದ ನೆಕ್‌ನ ಎರಡೂ ಅಂಚು ಸವರಿ. ಅಚ್ಚಿನ ಎರಡು ಭಾಗ ಕೂಡುವ ಗೆರೆ ಚೂಪಾಗಿದ್ದರೆ ಕೈ ಕೊರೆಯುತ್ತದೆ. ಕೊನೆಗೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಬೆರಳಿನಿಂದ ಮೈ ಮೇಲೆಲ್ಲ ತಟ್ಟಿ. ಒಳಗೆ ಏನಾದರೂ ಗಿಲಿಗಿಲಿ ಅಂದರೆ ಅಂಟು ಬಿಟ್ಟಿದೆ ಅಥವಾ ಬಿರಡೆಯ ನಟ್ಟು ಸಡಿಲ ಇದೆ. ನಟ್ಟಾದರೆ ಬಿಗಿ ಮಾಡಿದರೆ ಆಯಿತು. ಅಂಟಾದರೆ ಅಲ್ಲಿಂದಲೇ ನೀರು ಹೋಗುತ್ತದೆ, ಬೇಡ.

ಆರನೇ ಹೆಜ್ಜೆ: ತಂತಿ

ನೈಲಾನ್ ತಂತಿ ನೀರು ಹೀರುತ್ತದೆ, ಒದ್ದೆ ಗಾಳಿಯಲ್ಲಿ ಶ್ರುತಿ ಬಿಡುತ್ತಲೇ ಇರುತ್ತದೆ. ಫ್ಲೋರೋಕಾರ್ಬನ್ ತಂತಿ ನೀರು ಹೀರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದು ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ದಾರದ ಜಾತಿಯದ್ದೇ. ನೈಲಾನ್‌ಗಿಂತ ಸಾಂದ್ರ, ಹಾಗಾಗಿ ತೆಳು, ದನಿ ಸ್ವಲ್ಪ ಮೊನಚು. ಪ್ಲಾಸ್ಟಿಕ್ ಮೈಯ ಮಂಕು ದನಿಗೆ ಅದು ಜೀವ ಕೊಡುತ್ತದೆ. ಕೊಂಡ ದಿನವೇ ಇದಕ್ಕೆ ಬದಲಾಯಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ತರುವ ಕೆಲಸ ಬೇರೆ ಇಲ್ಲ.

ಜಿ ತಂತಿಯನ್ನು ಮಂದ್ರದಲ್ಲಿ ಕೇಳಬೇಕೆನ್ನುವವರು ಲೋಹ ಸುತ್ತಿದ ತಂತಿ ಹಾಕುತ್ತಾರೆ. ಕರಾವಳಿಯಲ್ಲಿ ಅದು ಬೇಗ ಕಪ್ಪಾಗಿ ಸತ್ತುಹೋಗುತ್ತದೆ. ಮಂದ್ರದ ಜಿಗೂ ಲೋಹ ಸುತ್ತದ ಫ್ಲೋರೋಕಾರ್ಬನ್ ತಂತಿ ಸಿಗುತ್ತದೆ, ಅದನ್ನೇ ಕೇಳಿ. ಬ್ಯಾಗಿನ ಕಿಸೆಯಲ್ಲಿ ಒಂದು ಜೊತೆ ತಂತಿ, ಬಿರಡೆಗೆ ಹೊಂದುವ ಸಣ್ಣ ಸ್ಕ್ರೂಡ್ರೈವರ್ ಸದಾ ಇರಲಿ.

ಏಳನೇ ಹೆಜ್ಜೆ: ಒಯ್ಯುವ ರೀತಿ

ವಾದ್ಯದ ಜೊತೆ ಬರುವ ಬಟ್ಟೆಯ ಬ್ಯಾಗು ಹೊಯ್ಗೆ, ಗೀರು ತಡೆಯುತ್ತದೆ, ನೀರು ತಡೆಯುವುದಿಲ್ಲ. ನೆನೆದ ಬ್ಯಾಗೊಳಗೆ ವಾದ್ಯ ಬಿಟ್ಟರೆ ಎರಡೇ ದಿನದಲ್ಲಿ ಬೂಷ್ಟು. ಮಳೆಗೆ, ದೋಣಿಗೆ ಬಾಯಿ ಸುರುಳಿ ಸುತ್ತಿ ಕೊಂಡಿ ಹಾಕುವ ಡ್ರೈ ಬ್ಯಾಗ್ ಬೇಕು. ಅದರ ಉದ್ದ ಯುಕುಲೆಲೆಗಿಂತ 15ರಿಂದ 20 ಸೆಂಟಿಮೀಟರ್ ಜಾಸ್ತಿ ಇರಲಿ, ಇಲ್ಲದಿದ್ದರೆ ಬಾಯನ್ನು ಮೂರು ಸುತ್ತು ಸುತ್ತಲು ಆಗುವುದಿಲ್ಲ. ಮೂರು ಸುತ್ತಿಗಿಂತ ಕಡಿಮೆಯಾದರೆ ನೀರು ನುಗ್ಗುತ್ತದೆ. ತುರ್ತಿಗೆ ದಪ್ಪ ತೊಟ್ಟೆ ಎರಡು ಹಾಕಿ ಕಟ್ಟಿದರೂ ಬೈಕಿನಲ್ಲಿ ಮನೆ ಮುಟ್ಟಬಹುದು.

ಪ್ಲಾಸ್ಟಿಕ್ ಯುಕುಲೆಲೆ ನೀರಲ್ಲಿ ತೇಲುತ್ತದೆ ಎಂದು ನಂಬಿ ಕಯಾಕಿಗೆ ಒಯ್ಯುವವರಿದ್ದಾರೆ. ದಯವಿಟ್ಟು ನಂಬಬೇಡಿ. ಎಬಿಎಸ್, ಪಾಲಿಕಾರ್ಬೊನೇಟ್ ಎರಡೂ ನೀರಿಗಿಂತ ಭಾರ. ಒಳಗೆ ಗಾಳಿ ಇರುವಷ್ಟು ಹೊತ್ತು ತೇಲುತ್ತದೆ, ಮೈ ಮುಂದಿನ ದನಿತೂತಿನಿಂದ ನೀರು ತುಂಬಿದ ಮೇಲೆ ತಳ ಸೇರುತ್ತದೆ. ಗಾಳಿ ತುಂಬಿ ಬಾಯಿ ಸುತ್ತಿದ ಡ್ರೈ ಬ್ಯಾಗಿನೊಳಗಿದ್ದರೆ ತೇಲುತ್ತದೆ. ಹೊರಗೆ ತೆಗೆದು ನುಡಿಸುವಾಗ ತಲೆಯ ಹತ್ತಿರ ಒಂದು ದಾರ ಕಟ್ಟಿ, ಅದಕ್ಕೆ ಮೀನುಬಲೆಗೆ ಕಟ್ಟುವ ತೇಲುಬುರುಡೆ ಸಿಕ್ಕಿಸಿ. ಮಲ್ಪೆ ಬಂದರಿನ ಕಡೆ ಬಲೆ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ವಾದ್ಯದ ತೂಕಕ್ಕೆ ಸಾಕಾಗುತ್ತದಾ ಎಂದು ಬಕೆಟ್ ನೀರಲ್ಲಿ ಬೇರೆ ಏನಾದರೂ ಅಷ್ಟೇ ತೂಕದ್ದನ್ನು ಕಟ್ಟಿ ನೋಡುವುದು ಒಳ್ಳೆಯದು.

ಹೆಗಲಿಗೆ ಹಾಕುವ ಪಟ್ಟಿ ಸಿಕ್ಕಿಸಲು ಪ್ಲಾಸ್ಟಿಕ್ ಮೈಗೆ ತೂತು ಕೊರೆಯಬೇಡಿ, ಅಲ್ಲಿಂದಲೇ ಬಿರುಕು ಹೊರಡುತ್ತದೆ. ಮೊದಲೇ ಗುಂಡಿ ಇರುವ ಮಾದರಿ ಆರಿಸಿ, ಇಲ್ಲವಾದರೆ ದನಿತೂತಿಗೆ ಕೊಕ್ಕೆ ಹಾಕುವ ಪಟ್ಟಿ ಬಳಸಿ.

ಕಾರಿನಲ್ಲಿ ಬಿಟ್ಟುಹೋಗಲೇಬೇಕಾದರೆ ನೆರಳಲ್ಲಿ ನಿಲ್ಲಿಸಿ. ವಾದ್ಯವನ್ನು ಸೀಟಿನ ಕೆಳಗೆ ಬೈರಾಸು ಮುಚ್ಚಿ ಇಡಿ, ನಾಲ್ಕೂ ತಂತಿಯನ್ನು ಎರಡು ಮೂರು ಸುತ್ತು ಸಡಿಲಿಸಿ. ಎಳೆತ ಇಲ್ಲದಿದ್ದರೆ ನೆಕ್ ಬಾಗುವುದಿಲ್ಲ. ವಾದ್ಯವನ್ನು ಸ್ಕೂಟರಿನ ಮುಂಭಾಗದಲ್ಲಿ ನಿಲ್ಲಿಸಿಟ್ಟು ಬಿಸಿಲಲ್ಲಿ ಬಿಟ್ಟು ಹೋಗುವುದೂ ಅಷ್ಟೇ ಕೆಟ್ಟದ್ದು.

ಎಂಟನೇ ಹೆಜ್ಜೆ: ಮನೆಗೆ ಬಂದ ಮೇಲೆ

ಬೀಚಿನಿಂದ ಬಂದ ರಾತ್ರಿಯೇ ತೊಳೆಯಿರಿ, ನಾಳೆ ಅಂದರೆ ಆಗದು. ಪೂರ್ತಿ ಪ್ಲಾಸ್ಟಿಕ್ ಅಥವಾ ಕಾರ್ಬನ್ ಮೈಯದ್ದಾದರೆ ನಲ್ಲಿಯ ಸಿಹಿನೀರಿನಡಿ ಹಿಡಿದರೆ ಸಾಕು. ಬಾವಿನೀರು ಉಪ್ಪಾಗಿರುವ ಊರಿನವರು ಕುಡಿಯುವ ನೀರೇ ಬಳಸಿ. ಬಿರಡೆಯ ಹಲ್ಲು, ಬ್ರಿಡ್ಜಿನ ಸಂದು, ಫ್ರೆಟ್‌ಗಳ ಬುಡ, ಈ ಮೂರು ಜಾಗಕ್ಕೆ ಬ್ರಷ್ ಹಾಕಿ. ಪಾತ್ರೆ ತೊಳೆಯುವ ಸೋಪು ಎರಡು ಹನಿ ಸಾಕು. ತೂತು ಕೆಳಗೆ ಮಾಡಿ ಅಲುಗಾಡಿಸಿ ಒಳಗಿನ ನೀರು ಹರಿಸಿ, ಒರೆಸಿ, ಫ್ಯಾನಿನಡಿ ನೆರಳಲ್ಲಿ ಇಡಿ. ಬಿಸಿಲಿಗೆ ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಅರೆಬರೆ ಜಾತಿಯದ್ದಾದರೆ ನಲ್ಲಿಗೆ ಹಿಡಿಯದೆ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಒಣ ಬಟ್ಟೆ ಹಾಕಿ.

ಪೂರ್ತಿ ಒಣಗಿದ ಮೇಲೆ ಬಿರಡೆಯ ಹಲ್ಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ ಮುಟ್ಟಿಸಿ, ತಿರುಗಿಸಿ, ಉಳಿದದ್ದು ಒರೆಸಿ. ಕೈಗೆ ಸಿಗುತ್ತದೆ ಅಂತ ತೆಂಗಿನೆಣ್ಣೆ ಹಾಕುವವರಿದ್ದಾರೆ. ಅದು ಬರಬರುತ್ತಾ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮೈ ಒರೆಸಲು ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಕರಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಚಾರಣಿಗರಿಗೆ ಇನ್ನೊಂದು ಎಚ್ಚರಿಕೆ: ಸೊಳ್ಳೆಗೆ, ಇಂಬಳಕ್ಕೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಡೀಟ್ ಎಂಬ ರಾಸಾಯನಿಕ ಇರುತ್ತದೆ. ಅದು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕೈಯ ಗುರುತು ಮೂಡಿಸಿಬಿಡುತ್ತದೆ. ಮುಲಾಮು ಹಚ್ಚಿದ ಕೈ ತೊಳೆದೇ ವಾದ್ಯ ಹಿಡಿಯಿರಿ.

ಮಳೆಗಾಲದಲ್ಲಿ ಮನೆಯಲ್ಲಿ ಇಡುವಾಗ ಬ್ಯಾಗಿನೊಳಗೆ ಮುಚ್ಚಿಡುವುದಕ್ಕಿಂತ ಗೋಡೆಗೆ ತೂಗುಹಾಕುವುದು ಮೇಲು, ಒಳಗೋಡೆಯಾದರೆ ಇನ್ನೂ ಒಳ್ಳೆಯದು. ಬ್ಯಾಗಿನಲ್ಲೇ ಇಡಬೇಕಾದರೆ ತೇವ ಹೀರಿ ಬಣ್ಣ ಬದಲಾಗುವ ಬಗೆಯ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಬದಲಿಸಿ.

ಇಷ್ಟೆಲ್ಲ ಮಾಡಿದರೂ ನಾಲ್ಕಾರು ವರ್ಷಕ್ಕೊಮ್ಮೆ ಬಿರಡೆ ಬದಲಿಸುವ ಸಂದರ್ಭ ಬರುತ್ತದೆ. ಮೈ ಚೆನ್ನಾಗಿದ್ದರೆ ವಾದ್ಯ ಬಿಸಾಡಬೇಡಿ. ಹಳೆಯ ಬಿರಡೆ ಬಿಚ್ಚಿ ಮೂರು ಅಳತೆ ಬರೆದುಕೊಳ್ಳಿ: ತಲೆಯ ತೂತಿನ ಅಗಲ, ತಲೆಯ ದಪ್ಪ, ಸ್ಕ್ರೂ ತೂತು ನಡುತೂತಿನಿಂದ ಎಷ್ಟು ದೂರದಲ್ಲಿ, ಯಾವ ಕಡೆಗೆ ಇದೆ ಎಂಬುದು. ಎಡಕ್ಕೆ ಎರಡು, ಬಲಕ್ಕೆ ಎರಡು ಎಂದು ಬೇರೆ ಬೇರೆಯಾಗಿ ಬರುತ್ತವೆ, ಹಾಗೇ ಕೇಳಿ. ಈ ಅಳತೆ ಕೊಟ್ಟರೆ ಅಂಗಡಿಯವರು ಹೊಂದುವ ಜೊತೆಯನ್ನು ತರಿಸಿ ಕೊಡುತ್ತಾರೆ, ಹಾಕುವ ಕೆಲಸ ನೀವೇ ಮಾಡಿಕೊಳ್ಳಬಹುದು.